ಎಡಗಡೆಗೆ ಹಾರಿದ ಹಕ್ಕಿಗಳು

ಮಗಳು ಡ್ಯಾನ್ಸ್ ಕ್ಲಾಸಿನಿಂದ ನಗುತ್ತಾ ಮನೆಗೆ ಬರುತ್ತಿದ್ದಳು. ಬುಗುರಿಯ ಅಮ್ಮನ ತಲೆ ಕೊರೆಯತೊಡಗಿದ್ದ ಹುಳ ಇದೇ.

ಒಂದು ದಿನ ನಕ್ಕರೆ, ಯಾರೋ ಜಾರಿ ಬಿದ್ದಿರಬೇಕು ಎಂದು ಸುಮ್ಮನಾಗಬಹುದು. ದಿನವೂ ನಕ್ಕರೆ? ಅದೂ ಮಕ್ಕಳ ನೃತ್ಯ ಸ್ಪರ್ಧೆ ಮೂಗಿನ ತುದಿಗೆ ಬಂದು ಕುಳಿತಿರುವಾಗ? ಸ್ಪರ್ಧೆಗೆ ತಯಾರಾಗುವ ಮಗು ಎಂದರೆ ಮಂಡಿ ತರಚಿಕೊಂಡು, ಮುಖ ಗಂಟು ಹಾಕಿಕೊಂಡು, ಇನ್ನು ನನ್ನ ಕೈಲಾಗದು ಎಂದು ಸೋಫಾದ ಮೇಲೆ ಕುಸಿದು ಬೀಳಬೇಕು. ಆಗ ತಾಯಿಯಾದವಳು ತಲೆ ಸವರಿ ಧೈರ್ಯ ಹೇಳಬೇಕು. ಅದು ಪದ್ಧತಿ. ಇವಳೋ ಬಾಗಿಲಲ್ಲೇ ಚಪ್ಪಲಿ ಒದ್ದೆಸೆದು, ಅಮ್ಮನ ಮುಖ ಕಂಡ ಕೂಡಲೇ ಕಿಸಕ್ಕೆಂದು ನಕ್ಕು, ನೀರು ಕುಡಿಯುವಾಗ ಇನ್ನೊಮ್ಮೆ ನಕ್ಕು, ಕುಡಿದದ್ದರಲ್ಲಿ ಅರ್ಧವನ್ನು ಮೂಗಿನಿಂದ ಹೊರಗೆ ಬಿಡುತ್ತಿದ್ದಳು.

"ಏನೇ ಅದು ನಗು?"

"ಏನಿಲ್ಲಮ್ಮ."

ಏನಿಲ್ಲ! ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವ ಕುರ್ಚಿಯ ಮೇಲೆ ಕೂರುವ ಹೆಂಗಸಿನ ಮುಂದೆ ಏನಿಲ್ಲ ಎಂದರೆ ನಡೆಯುತ್ತದೆಯೇ? ಬುಗುರಿಯ ಅಮ್ಮನಿಗೆ ಸಂಬಳ ಬರುತ್ತಿದ್ದುದೇ ಅನುಮಾನಪಡುವುದಕ್ಕೆ. ನಿಲ್ಲಿಸಿದ್ದ ಕಾರಿಗೆ ಕಂಬ ಬಂದು ಗುದ್ದಿತು ಎನ್ನುವವರು, ಹೊಸ ಟಿವಿ ತಾನಾಗಿಯೇ ಬಾಲ್ಕನಿಯಿಂದ ಹಾರಿತು ಎನ್ನುವವರು ಬೆಳಗಿನಿಂದ ಸಂಜೆಯವರೆಗೂ ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವಳು ಎದ್ದು, ಒಂದು ಕೈ ಸೊಂಟದ ಮೇಲಿಟ್ಟು, ಕತ್ತು ಕೊಂಚ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, "ಹೌದಾ?" ಎನ್ನುತ್ತಿದ್ದಳು. ಅಷ್ಟೇ. ಗಟ್ಟಿ ಗಂಟಲಿನ ಗುತ್ತಿಗೆದಾರರು ಕೂಡ ಆ ಒಂದು ಹೌದಾಗೆ ಬೆವರು ಒರೆಸಿಕೊಂಡು, ಟಿವಿಯನ್ನು ತಳ್ಳಿದ್ದು ತಾವೇ ಎಂದು ಒಪ್ಪಿಕೊಂಡದ್ದುಂಟು. ಸಂಜೆ ಆ ಕೈಯನ್ನೂ ಆ ಕಣ್ಣನ್ನೂ ಕಚೇರಿಯಲ್ಲೇ ಬಿಟ್ಟು ಬರಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ ಅವಳು ಎರಡನ್ನೂ ಮನೆಗೆ ತರುತ್ತಿದ್ದಳು.

ಇಷ್ಟು ಸಾಲದೆಂಬಂತೆ ಡ್ಯಾನ್ಸ್ ಮಿಸ್ ಪೋಷಕರ ಗ್ರೂಪಿಗೆ ಒಂದು ಸಂದೇಶ ಹಾಕಿದರು. ಸ್ಪರ್ಧೆ ಎಂದರೆ ಮಕ್ಕಳಿಗೂ ಮನೆಯವರಿಗೂ ಖುಷಿ ಕೊಡಬೇಕು, ದಯವಿಟ್ಟು ಎಲ್ಲರೂ ಆನಂದಿಸಿ, ಪೋಷಕರು ಹಿಂದಿನ ಸಾಲುಗಳಲ್ಲಿ ಕುಳಿತರೆ ಎಲ್ಲರಿಗೂ ಇನ್ನಷ್ಟು ಆನಂದ, ಎಂದು.

ಬುಗುರಿಯ ಅಮ್ಮ ಅದನ್ನು ಮೇಲಿಂದ ಓದಿದಳು, ಕೆಳಗಿಂದ ಓದಿದಳು, ಕೊನೆಗೆ ಗಂಡನ ಮೂಗಿನ ಕೆಳಗೆ ಹಿಡಿದಳು. ಗಂಡನದು ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು, ಈಗ ಹೇಗಿದೆ, ಈಗ ಸ್ಪಷ್ಟವಾಗಿ ಕಾಣ್ತಿದೆಯಾ ಎಂದು ದಿನವಿಡೀ ಕೇಳಿ ಕೇಳಿ, ಮನೆಗೆ ಬರುವ ಹೊತ್ತಿಗೆ ಅವನಲ್ಲಿ ಮಾತಿನ ದಾಸ್ತಾನು ಮುಗಿದಿರುತ್ತಿತ್ತು.

"ಜನ ಆನಂದಿಸಿ ಅಂತ ಯಾವಾಗ ಹೇಳ್ತಾರೆ ಗೊತ್ತೇನ್ರಿ? ಗೆಲ್ಲಲ್ಲ ಅಂತ ಮೊದಲೇ ಗೊತ್ತಿದ್ದಾಗ. ಹಲ್ಲಿನ ಡಾಕ್ಟರು ಆರಾಮಾಗಿ ಕೂತ್ಕೊಳ್ಳಿ ಅಂತಾರಲ್ಲ, ಹಾಗೆ ಇದು."

"ಹಿಂದೆ ಕೂತ್ರೆ ಇಡೀ ಸ್ಟೇಜು ಕಾಣತ್ತೆ ಕಣೇ. ಅದಕ್ಕೆ ಹೇಳಿರ್ತಾರೆ."

"ಮುಂದೆ ಕೂತ್ರೆ ಏನೋ ಕಾಣತ್ತೆ. ಅದಕ್ಕೆ ಹಿಂದೆ ಕೂತ್ಕೊಳ್ಳಿ ಅಂತಿದಾರೆ."

ಈ ತರ್ಕದ ಮುಂದೆ ಗಂಡ ತಟ್ಟೆಯ ಕಡೆ ತಿರುಗಿದ. ಬುಗುರಿಯ ಅಮ್ಮ ಊಟದ ಮೇಜಿನ ಬಳಿ ಎದ್ದು ನಿಂತು, ಯುದ್ಧಕ್ಕೆ ಹೊರಡುವ ಸೇನಾಪತಿಯ ಹಾಗೆ ಘೋಷಿಸಿದಳು: ಇನ್ನು ಮುಂದೆ ಈ ಡ್ಯಾನ್ಸಿನ ವಿಚಾರವನ್ನು ಅವಳೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಾಳೆ. ಅವಳ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಮೋಸ ಮಾಡಲಾರದು. ಎಳ್ಳಷ್ಟು ಎಡವಟ್ಟು ಕಂಡರೂ ಸರಿ, ಮಾರನೆಯ ದಿನದಿಂದ ಬುಗುರಿಗೆ ಕ್ಲಾಸು ಬಂದ್.

ನಿಲ್ಲಲು ಕಲಿತಾಗಿನಿಂದಲೂ ನಿಂತಲ್ಲಿ ಸುತ್ತುವ ಹುಡುಗಿ ಅದು. ಬುಗುರಿ ಎಂಬ ಹೆಸರು ಬಂದದ್ದೇ ಹಾಗೆ. ಅಡುಗೆಮನೆಯಿಂದ ಚಮಚ ತರುವಾಗಲೂ ಎರಡು ಸುತ್ತು ಸುತ್ತಿಯೇ ತರುತ್ತಿದ್ದಳು. ಈ ಮಾತು ಕಿವಿಗೆ ಬಿದ್ದದ್ದೇ ಸುತ್ತು ಅರ್ಧಕ್ಕೆ ನಿಂತಿತು.

"ಕ್ಲಾಸ್ ಮಾತ್ರ ಬಿಡಿಸ್ಬೇಡ ಅಮ್ಮ," ಎಂದಳು. ಆಗ ಮಾತ್ರ ನಗಲಿಲ್ಲ.

ಮಾರನೆಯ ದಿನ ಬುಗುರಿಯ ಅಮ್ಮ ತಲೆನೋವೆಂದು ಹೇಳಿ ಕಚೇರಿಯಿಂದ ಬೇಗ ಹೊರಟಳು. ಊರಿನವರ ಸುಳ್ಳನ್ನೆಲ್ಲ ಜಾಲಾಡಿಸುವವಳು ತನ್ನದೊಂದನ್ನು ಹೇಳುವಾಗ ಮೇಲಧಿಕಾರಿ ಮರುಮಾತಿಲ್ಲದೆ ನಂಬಿಬಿಟ್ಟ. ಅದೂ ಅವಳಿಗೆ ಸ್ವಲ್ಪ ಅನುಮಾನವೇ ಆಯಿತು.

ಡ್ಯಾನ್ಸ್ ಕ್ಲಾಸು ಇದ್ದದ್ದು ಒಂದು ಇಸ್ತ್ರಿ ಅಂಗಡಿಯ ಹಿಂದಿನ ಹಾಲಿನಲ್ಲಿ. ಒಳಗೆ ಒಂದು ಗೋಡೆಗೆ ಉದ್ದನೆಯ ಕನ್ನಡಿ. ಮಕ್ಕಳು ಅದಕ್ಕೆ ಮುಖ ಮಾಡಿ ನಿಂತು ಕಲಿಯುತ್ತಿದ್ದರು. ಅದೇ ಗೋಡೆಯಲ್ಲಿ, ಕನ್ನಡಿಯ ಪಕ್ಕಕ್ಕೆ, ಎತ್ತರದಲ್ಲೊಂದು ಸಣ್ಣ ಕಿಟಕಿ. ತಾಲೀಮಿನ ಹೊತ್ತಿಗೆ ಪೋಷಕರಿಗೆ ಪ್ರವೇಶವಿರಲಿಲ್ಲ. ಅವಳು ಗಲ್ಲಿಯಲ್ಲಿ ಸ್ಕೂಟರಿಗೆ ನಡುಸ್ಟ್ಯಾಂಡು ಹಾಕಿ, ಕಾಲಿಡುವ ಜಾಗದ ಮೇಲೆ ಹತ್ತಿ, ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು ಇಣುಕಿದಳು.

ಒಳಗೆ ಪಾಠ ನಡೆದಿತ್ತು. ಮಕ್ಕಳೆಲ್ಲ ದೂರದೇಶಕ್ಕೆ ವಲಸೆ ಹೋಗುವ ಹಕ್ಕಿಗಳು. ಬುಗುರಿ ಹಿಂದಿನ ಸಾಲಿನ ನಡುವೆ ಇದ್ದಳು, ಆದರೆ ಅವಳ ಮುಂದೆಯೇ ಉದ್ದನೆಯ ಹುಡುಗಿಯೊಬ್ಬಳು ನಿಂತಿದ್ದರಿಂದ ಮಗಳ ರಿಬ್ಬನ್ನಿನ ತುದಿ ಬಿಟ್ಟು ಬೇರೇನೂ ಕಾಣಲಿಲ್ಲ. ಆ ಉದ್ದನೆಯ ಹುಡುಗಿ ಫ್ಲಾಸ್ಕಮ್ಮನ ಮಗಳು. ಫ್ಲಾಸ್ಕಮ್ಮ ಎಂದರೆ, ಮಗಳನ್ನು ಬಿಡಲು ಬರುವಾಗಲೆಲ್ಲ ಕಂಕುಳಲ್ಲಿ ಒಂದು ಫ್ಲಾಸ್ಕು ಇಟ್ಟುಕೊಂಡು ಬರುವ, ಅದರಲ್ಲೇನಿದೆ ಎಂದು ಯಾರಿಗೂ ಹೇಳದ ಹೆಂಗಸು. ಮಕ್ಕಳಿಗೆ ಹುರುಪು ಬರಿಸುವ ಏನನ್ನೋ ಬೆರೆಸಿ ತರುತ್ತಾಳೆ ಎಂಬುದು ಬುಗುರಿಯ ಅಮ್ಮನ ಬಲವಾದ ಗುಮಾನಿ.

ಹಾಡು ಶುರುವಾಯಿತು. ಹಕ್ಕಿಗಳು ಒಂದು ಕೈ ಎತ್ತಿದವು. ಕಿಟಕಿಯ ಹಕ್ಕಿಯೂ ಅದೇ ಪಕ್ಕದ ಕೈ ಎತ್ತಿತು. ನೋಡಿಕೊಂಡಳು: ಎಡಗೈ. ಹಕ್ಕಿಗಳು ಒಂದು ಪಕ್ಕಕ್ಕೆ ಹಾರಿದವು. ಕಿಟಕಿಯ ಹಕ್ಕಿಯೂ ಸ್ಕೂಟರಿನ ಮೇಲೆ ಎಷ್ಟು ಹಾರಬಹುದೋ ಅಷ್ಟು ಹಾರಿತು: ಎಡಕ್ಕೆ. ಹೀಗೆ ಇಡೀ ನೃತ್ಯವನ್ನು ಮೈಮೇಲೆ ಬರೆದುಕೊಂಡಳು. ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ ಅಜ್ಜನೊಬ್ಬ ಬಹಳ ಹೊತ್ತು ಅವಳ ಬೀಸುಗೈಯನ್ನು ನೋಡಿ, ಬಸ್ಸು ಬೇಕಾದರೆ ಆಚೆ ರಸ್ತೆಗೆ ಹೋಗಿ ನಿಲ್ಲಬೇಕಮ್ಮ ಎಂದು ಹೇಳಿ ಹೋದ.

ಅಂದು ಸಂಜೆಯೇ ಮನೆಯಲ್ಲಿ ತಾಲೀಮು ಶುರುವಾಯಿತು. ಟೀಪಾಯಿ ಗೋಡೆಗೆ ಸರಿಯಿತು. ಅಮ್ಮ ಮುಂದೆ, ಮಗಳು ಅವಳ ಬೆನ್ನ ಹಿಂದೆ. ನಾನು ಮಾಡಿದ ಹಾಗೇ ಮಾಡು ಎಂದು ಅಪ್ಪಣೆ.

"ಎಡಗೈ ಮೇಲೆ. ಈಗ ಎಡಕ್ಕೆ ಹಾರು."

"ಮಿಸ್ ಬಲಗೈ ಹೇಳ್ಕೊಟ್ಟಿರೋದು ಅಮ್ಮ. ಹಾರೋದೂ ಬಲಕ್ಕೆ."

ಅಮ್ಮ ತಿರುಗಿದಳು. ಕೈ ಸೊಂಟಕ್ಕೆ ಹೋಯಿತು, ಕತ್ತು ಮುಂದೆ ಬಂತು, ಕಣ್ಣು ಕಿರಿದಾಯಿತು. "ಹೌದಾ?"

ಎಲ್ಲ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೊಳೆದುಬಿಟ್ಟಿತು. ಎಲ್ಲ ಮಕ್ಕಳೂ ಎಡಗೈ ಎತ್ತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಹಾಗಿದ್ದರೆ ಬುಗುರಿಯೊಬ್ಬಳಿಗೆ ಮಾತ್ರ ಬಲಗೈ ಏಕೆ? ವೇದಿಕೆಯ ಮೇಲೆ ಇವಳು ತಪ್ಪಿ, ಮುಂದೆ ನಿಂತ ಉದ್ದನೆಯ ಹುಡುಗಿ ಮಿಂಚಲಿ ಎಂದು! ಫ್ಲಾಸ್ಕಿನಿಂದ ಮಿಸ್ಸಿನ ಲೋಟಕ್ಕೂ ಏನೋ ಬೀಳುತ್ತಿರಬೇಕು.

ಗಂಡನಿಗೆ ಇದನ್ನು ವಿವರಿಸಿದಳು. ಅವನು ಸಾವಧಾನವಾಗಿ ಕೇಳಿ, "ಎಲ್ಲಿ ನಿಂತು ನೋಡಿದೆ?" ಎಂದ.

"ಎಲ್ಲಿ ನಿಂತ್ರೇನು? ಕಣ್ಣಿದೆ ನಂಗೆ."

ಕಣ್ಣಿನ ವಿಷಯದಲ್ಲಿ ಗಿರಾಕಿಗಳ ಜೊತೆ ವಾದ ಮಾಡಬಾರದೆಂಬುದು ಅವನ ಅಂಗಡಿಯ ನಿಯಮ.

ಎರಡು ಮೂರು ಸಂಜೆ ಬುಗುರಿ, ಬಲ ಅಮ್ಮ, ಬಲ ಅಮ್ಮ ಎಂದು ಹೋರಾಡಿದಳು. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ, ಸರಿ ಅಮ್ಮ ಎಂದು ಎಡಗೈ ಎತ್ತಿದಳು. ಎಡಕ್ಕೆ ಹಾರಿದಳು. ಬೈದರೆ ಬೈಸಿಕೊಂಡಳು. ಅಷ್ಟೇ ಅಲ್ಲ, ಅಮ್ಮನನ್ನು ತಲೆಯಿಂದ ಕಾಲಿನವರೆಗೆ ಬಹಳ ಗಮನವಿಟ್ಟು ನೋಡತೊಡಗಿದಳು. ಮಗಳು ಇಷ್ಟು ಶ್ರದ್ಧೆಯಿಂದ ತನ್ನ ಮಾತು ಕೇಳುತ್ತಿರುವುದು ಬುಗುರಿಯ ಅಮ್ಮನಿಗೆ ಇನ್ನೊಂದು ಅನುಮಾನಕ್ಕೆ ದಾರಿಯಾಯಿತು. ಇತ್ತ ಕ್ಲಾಸಿನಿಂದ ಬರುವಾಗಿನ ನಗುವಂತೂ ಮೊದಲಿಗಿಂತ ಜೋರಾಗಿತ್ತು.

ಇನ್ನೊಮ್ಮೆ ತಲೆನೋವು, ಇನ್ನೊಮ್ಮೆ ಸ್ಕೂಟರು, ಇನ್ನೊಮ್ಮೆ ಕಿಟಕಿ. ಈ ಸಲ ನೋಡುತ್ತಾಳೆ, ಬುಗುರಿ ಸಾಲಿನ ನಡುವೆ ಇಲ್ಲ! ಕಂಬದ ಮರೆಗೆ, ಕಟ್ಟಕಡೆಯ ತುದಿಗೆ ತಳ್ಳಿದ್ದಾರೆ.

"ನಿನ್ನ ಯಾಕೆ ತುದಿಗೆ ಹಾಕಿದ್ದು?" ಎಂದು ಮನೆಯಲ್ಲಿ ಕೇಳಿದರೆ, ಮಗಳು ನೆಲ ನೋಡಿದಳು.

"ಮಿಸ್ ಅಲ್ಲೇ ನಿಂತ್ಕೋ ಅಂದ್ರು." ಆಮೇಲೆ ಅಮ್ಮನ ತೋಳಿಗೆ ಒರಗಿ, "ಅಮ್ಮ, ಅವತ್ತು ನೀನು ಹಿಂದೆ ಕೂತ್ಕೋತೀಯ ಅಲ್ವಾ? ಅಪ್ಪನ ಜೊತೆ?" ಎಂದಳು.

ಮಿಸ್ಸೂ ಹಿಂದೆ ಎನ್ನುತ್ತಾರೆ, ಮಗಳೂ ಹಿಂದೆ ಎನ್ನುತ್ತಾಳೆ! ಬುಗುರಿಯ ಅಮ್ಮ ಮುಂದಿನ ಸಾಲೆಂದು ಅಲ್ಲೇ ತೀರ್ಮಾನಿಸಿದಳು.

ಸ್ಪರ್ಧೆಯ ದಿನ ಬಂತು. ಸಭಾಂಗಣದ ಹೊರಗೆ ಬಣ್ಣ ಬಳಿದುಕೊಂಡ ಮಕ್ಕಳ ಜಾತ್ರೆಯೇ ನೆರೆದಿತ್ತು. ಕಾಗದದ ರೆಕ್ಕೆ ಕಟ್ಟಿಕೊಂಡ ಹಕ್ಕಿಗಳು, ಹಸಿರು ಕಾಲುಚೀಲದ ಕಪ್ಪೆಗಳು, ಎಲ್ಲೋ ಕಳೆದುಹೋದ ತನ್ನ ಬಾಲವನ್ನು ಹುಡುಕುತ್ತಿದ್ದ ಒಂದು ನರಿ. ಒಬ್ಬರ ಕಣ್ಣಿನ ಕಾಡಿಗೆ ಇನ್ನೊಬ್ಬರ ಕೆನ್ನೆಗೆ ಅಂಟಿತ್ತು. ಕಪ್ಪೆಯೊಂದು ಹಕ್ಕಿಯೊಂದಕ್ಕೆ ಬಿಸ್ಕತ್ತು ತಿನ್ನಿಸುತ್ತಿತ್ತು. ಎದುರಾಳಿ ತಂಡಗಳಾಗಿದ್ದೂ ಇಷ್ಟು ಸಲಿಗೆಯೇ ಎಂದು ಬುಗುರಿಯ ಅಮ್ಮ ಆ ಬಿಸ್ಕತ್ತನ್ನೂ ಕಣ್ಣು ಕಿರಿದು ಮಾಡಿ ನೋಡಿದಳು.

ಗಂಡ ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ. ಅವಳು ಅವನ ಅಂಗಡಿಯಿಂದ ತಂದಿದ್ದ ದೊಡ್ಡ ಕಪ್ಪು ಕನ್ನಡಕ ಏರಿಸಿಕೊಂಡು, ದುಪಟ್ಟಾ ತಲೆಯ ಮೇಲೆಳೆದುಕೊಂಡು ಮುಂದೆ ನಡೆದಳು. ಮುಂದಿನ ಸಾಲು ಅತಿಥಿಗಳಿಗೆ ಮೀಸಲು ಎಂದು ಕಾರ್ಯಕರ್ತನೊಬ್ಬ ಅಡ್ಡ ಬಂದ.

"ನಾನು ವಿಮೆ ಕಡೆಯಿಂದ," ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾರ್ಯಕರ್ತ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಕಡೆ ಗಾಬರಿಯಿಂದ ಒಮ್ಮೆ ನೋಡಿ, ಅವಳನ್ನು ತೀರ್ಪುಗಾರರ ಬೆನ್ನ ಹಿಂದೆಯೇ ಕೂರಿಸಿ, ನೀರಿನ ಬಾಟಲಿ ತಂದುಕೊಟ್ಟ.

ಹಕ್ಕಿಗಳ ಸರದಿ ಬಂತು. ಎಲ್ಲ ಒಂದೇ ಸಾಲಾಗಿ ವೇದಿಕೆಗೆ ಬಂದು ನಿಂತವು. ತುದಿಯಲ್ಲಿ ಬುಗುರಿ. ಹಾಡು ಶುರುವಾಯಿತು. ಹಕ್ಕಿಗಳು ರೆಕ್ಕೆ ಎತ್ತಿದವು. ಕಿಟಕಿಯಿಂದ ಕಂಡಿತ್ತಲ್ಲ, ಅದೇ ಪಕ್ಕದ ರೆಕ್ಕೆ! ಬುಗುರಿಯೂ ಎಲ್ಲರ ಜೊತೆಗೆ ಅದನ್ನೇ ಎತ್ತಿದ್ದಳು. ಅಮ್ಮನ ಎದೆ ಉಬ್ಬಿತು. ಮಿಸ್ಸಿನ ಸಂಚು ಮುರಿಯಿತು, ಮನೆಯ ಪಾಠ ಗೆದ್ದಿತು ಎಂದುಕೊಂಡಳು. ಆ ಸಂತೋಷಕ್ಕೆ ಅವಳ ಕೈಯೂ ಮಡಿಲಿನಲ್ಲಿ ಮೆಲ್ಲಗೆ ರೆಕ್ಕೆ ಬಡಿಯತೊಡಗಿತು. ತಲೆಯೂ ತೂಗತೊಡಗಿತು. ಕನ್ನಡಕ ದೊಡ್ಡದು, ಮೂಗು ಸಣ್ಣದು. ತೂಗಿದ ತಲೆಗೆ ಅದು ಜಾರಿ ಗಲ್ಲಕ್ಕೆ ಬಂತು, ಅದರ ಹಿಂದೆಯೇ ದುಪಟ್ಟಾ ಹೆಗಲಿಗೆ ಬಂತು.

ಬುಗುರಿ ಅಮ್ಮನನ್ನು ಕಂಡಳು.

ಕಂಡವಳ ಕಣ್ಣು ತಟ್ಟೆಯಾಯಿತು. ಮರುಕ್ಷಣವೇ ಅವಳು ಎತ್ತಿದ್ದ ರೆಕ್ಕೆಯನ್ನು ಇಳಿಸಿ ಆಚೆ ಪಕ್ಕದ ರೆಕ್ಕೆ ಎತ್ತಿದಳು. ಸಾಲೆಲ್ಲ ಒಂದು ದಿಕ್ಕಿಗೆ ಹಾರಿದರೆ ತಾನೊಬ್ಬಳೇ ಇನ್ನೊಂದು ದಿಕ್ಕಿಗೆ ಹಾರಿದಳು. ತುದಿಯಲ್ಲಿದ್ದವಳು ಹಾರಿದರೆ ಎಲ್ಲಿಗೆ ಹೋಗುತ್ತಾಳೆ? ಸೀದಾ ಪಕ್ಕದ ಪರದೆಗೆ! ರೆಕ್ಕೆಯ ತಂತಿ ಪರದೆಗೆ ಸಿಕ್ಕಿಕೊಂಡಿತು. ಬುಗುರಿ ಹೆದರಿ ಹಿಂದಕ್ಕೆ ಸುತ್ತಿದಳು. ಪರದೆಯೂ ಅವಳ ಜೊತೆ ವೇದಿಕೆಗೆ ಬಂತು. ಅದರ ಹಿಂದೆ ಸರದಿ ಕಾಯುತ್ತಿದ್ದ ಕಪ್ಪೆಗಳು, ಕಾಲುಚೀಲ ಎಳೆದುಕೊಳ್ಳುತ್ತಿದ್ದ ಭಂಗಿಯಲ್ಲೇ, ಊರಿಗೆಲ್ಲ ಕಂಡವು. ಕಪ್ಪೆಗಳ ನಡುವೆ ಡ್ಯಾನ್ಸ್ ಮಿಸ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

ಸಭೆ ಹೋ ಎಂದಿತು. ಬುಗುರಿಯ ಅಮ್ಮ ಕುರ್ಚಿಯ ಅಂಚಿಗೆ ಬಂದಿದ್ದಳು. ಮಗಳು ಎತ್ತಿದ್ದು ಯಾವ ಕಡೆಯ ರೆಕ್ಕೆ? ಕಿಟಕಿಯಲ್ಲಿ ಕಂಡದ್ದಕ್ಕೆ ತದ್ವಿರುದ್ಧ! ಕೊನೆಗೂ ಮಿಸ್ಸಿನ ಬೋಧನೆಯೇ ನಾಟಿತಲ್ಲ ಎಂದು ಅವಳ ಹಲ್ಲು ಕಟಕಟಿಸಿತು.

ಅಷ್ಟರಲ್ಲಿ ಫ್ಲಾಸ್ಕಮ್ಮನ ಮಗಳು ಓಡಿ ಬಂದು ಬುಗುರಿಯನ್ನು ಪರದೆಯಿಂದ ಬಿಡಿಸಿದಳು. ಬಿಡಿಸಿ, ಸಭೆಯ ಕಡೆ ಒಮ್ಮೆ ನೋಡಿ, ತಾನೂ ಬುಗುರಿಯ ದಿಕ್ಕಿಗೇ ರೆಕ್ಕೆ ಎತ್ತಿದಳು. ಅವಳನ್ನು ನೋಡಿ ಇನ್ನೊಂದು ಹಕ್ಕಿ, ಅದನ್ನು ನೋಡಿ ಮತ್ತೊಂದು. ನೋಡನೋಡುತ್ತಿದ್ದಂತೆ ಇಡೀ ಹಿಂಡು ದಿಕ್ಕು ಬದಲಿಸಿ ಹಾರತೊಡಗಿತು. ಒಬ್ಬರಾದರೂ ತಡವರಿಸಬೇಕಲ್ಲ? ಇಲ್ಲ. ಎಷ್ಟೋ ದಿನದಿಂದ ಆಡಿ ರೂಢಿಯಿದ್ದವರ ಹಾಗೆ ಎಲ್ಲವೂ ಒಂದೇ ತಾಳಕ್ಕೆ, ಒಂದೇ ನಗುವಿನಲ್ಲಿ. ಆಮೇಲೆ ಒಂದು ಕಡೆ ಹಾಡು ನಿಂತು ತಬಲ ಮಾತ್ರ ಕೇಳುವ ಜಾಗದಲ್ಲಿ, ಹಕ್ಕಿಗಳೆಲ್ಲ ತಟ್ಟನೆ ತಿರುಗಿ, ಒಂದು ಕೈ ಸೊಂಟಕ್ಕಿಟ್ಟು, ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ಸಭೆಯನ್ನು ನೋಡಿದವು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿದ್ದ ತೀರ್ಪುಗಾರ್ತಿ ಕಣ್ಣು ಒರೆಸಿಕೊಂಡರು. ಹಿಂದಿನ ಸಾಲಿನಿಂದ, ವರ್ಷಕ್ಕೊಮ್ಮೆ ನಗುವ ತನ್ನ ಗಂಡನ ನಗು ಎಲ್ಲರಿಗಿಂತ ಮೇಲೆ ಕೇಳಿದಂತೆ ಬುಗುರಿಯ ಅಮ್ಮನಿಗೆ ಅನ್ನಿಸಿತು. ಆ ಭಂಗಿಯನ್ನು ತಾನೂ ಎಲ್ಲೋ ನೋಡಿದ್ದೇನೆ ಎಂದೂ ಅನ್ನಿಸಿತು. ಎಲ್ಲಿ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ತನಗೆ ಹೇಳದೆ ಕೇಳದೆ ಕೊನೆಯ ಗಳಿಗೆಯಲ್ಲಿ ಇಡೀ ನೃತ್ಯವನ್ನೇ ಬದಲಿಸಿದ್ದಾರೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಫಲಿತಾಂಶಕ್ಕೂ ಕಾಯಲಿಲ್ಲ. ಪಕ್ಕದ ಮೊಗಸಾಲೆಯಲ್ಲಿ, ರೆಕ್ಕೆ ಬಿಚ್ಚುತ್ತಿದ್ದ ಮಕ್ಕಳೆದುರೇ, ಮಿಸ್ಸನ್ನು ತಡೆದು ನಿಲ್ಲಿಸಿದಳು. ಇಷ್ಟು ದಿನ ಎಲ್ಲರಿಗೂ ಒಂದು ಕಡೆ, ತನ್ನ ಮಗಳಿಗೆ ಇನ್ನೊಂದು ಕಡೆ ಹೇಳಿಕೊಟ್ಟದ್ದು ಏಕೆ, ತುದಿಗೆ ತಳ್ಳಿದ್ದು ಏಕೆ, ಇವತ್ತು ಎಲ್ಲರನ್ನೂ ತಿರುಗಿಸಿದ್ದು ಏಕೆ, ಒಂದೊಂದಕ್ಕೂ ಉತ್ತರ ಬೇಕೆಂದಳು.

ಮಿಸ್ ಮಕ್ಕಳ ಕಡೆ ನೋಡಿದರು. "ಮನೇಲಿ ಬುಗುರೀನೇ ಕೇಳಿ ಮೇಡಂ. ಅವಳು ಹೇಳಿದ್ರೇನೇ ಚೆಂದ."

"ಕೇಳೋದೇನೂ ಬೇಡ. ನಾಳೆಯಿಂದ ನನ್ನ ಮಗಳು ಬರಲ್ಲ."

ಬುಗುರಿ ಬಿಚ್ಚಿದ ರೆಕ್ಕೆಗಳನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. 

ಬಾಗಿಲ ಬಳಿ ಫ್ಲಾಸ್ಕಮ್ಮ ಎದುರಾದಳು. ಜಗಳ ಕೇಳಿಸಿದ್ದರೂ ಕೇಳಿಸದವಳಂತೆ, ಫ್ಲಾಸ್ಕಿನಿಂದ ಮುಚ್ಚಳಕ್ಕೆ ಬಗ್ಗಿಸಿ, ಕುಡೀರಿ ಎಂದು ಚಾಚಿದಳು. ಬುಗುರಿಯ ಅಮ್ಮ ಅದನ್ನು ಮೂಸಿದಳು. ನಾಲಿಗೆಯ ತುದಿಗೆ ತಾಗಿಸಿದಳು. ಬಿಸಿನೀರು. ಬರೀ ಬಿಸಿನೀರು.

"ಮಗಳು ಸ್ಟೇಜಿಗೆ ಹತ್ತಿದ್ರೆ ನನ್ನ ಹಲ್ಲು ಕಟಕಟ ಅನ್ನತ್ತೆ ಕಣ್ರೀ," ಎಂದಳು ಫ್ಲಾಸ್ಕಮ್ಮ. "ಇದನ್ನ ಬಾಯಿಗೆ ಇಟ್ಕೊಂಡು ಕೂತ್ರೆ ಪಕ್ಕದವರಿಗೆ ಕೇಳಲ್ಲ."

ಬುಗುರಿಯ ಅಮ್ಮ ಉಳಿದದ್ದನ್ನೂ ಕುಡಿದಳು. ಅನುಮಾನದ ಗೋಡೆಯಿಂದ ಮೊದಲ ಇಟ್ಟಿಗೆ ಕಳಚಿದ್ದು ಅಲ್ಲಿ.

ಮನೆಗೆ ಬಂದ ಬುಗುರಿ ಸುತ್ತಲಿಲ್ಲ. ಚಪ್ಪಲಿಯನ್ನು ಜೋಡಿಸಿ ಇಟ್ಟಳು. ಅಡುಗೆಮನೆಗೆ ನೇರವಾಗಿ ಹೋಗಿ, ನೀರು ಕುಡಿದು, ನೇರವಾಗಿ ಬಂದಳು. ನೀರು ಮೂಗಿನಿಂದ ಬರಲಿಲ್ಲ. ಮಾರನೆಯ ದಿನವೂ ಹಾಗೆಯೇ. ಮನೆಯಲ್ಲಿ ಯಾರೋ ಫ್ಯಾನಿನ ಸ್ವಿಚ್ಚು ಆರಿಸಿದ ಹಾಗಿತ್ತು. ಮಗಳ ನಗುವಿನ ಮೇಲೆ ಇಷ್ಟು ದಿನ ಅನುಮಾನಪಟ್ಟವಳು ಈಗ ಅದು ಕೇಳಿಸೀತೇ ಎಂದು ಅಡುಗೆಮನೆಯ ಕಡೆ ಕಿವಿಗೊಟ್ಟು ಕೂರತೊಡಗಿದಳು.

ಸಂಜೆ ಅವಳೇ ಸೋತು, ಮಗಳ ಪಕ್ಕ ಕುಳಿತಳು. "ಮಿಸ್ ಏನೋ ನಿನ್ನ ಕೇಳಿ ಅಂದ್ರಲ್ಲ. ಏನದು?"

ಬುಗುರಿ ಕಾಲಿನ ಹೆಬ್ಬೆರಳು ನೋಡುತ್ತಾ ಮೆಲ್ಲಗೆ ಹೇಳತೊಡಗಿದಳು. ಅವಳ ಹತ್ತಿರ ಎರಡು ಡ್ಯಾನ್ಸ್ ಇದ್ದವು. ಒಂದು ಕ್ಲಾಸ್ ಡ್ಯಾನ್ಸ್, ಇನ್ನೊಂದು ಮನೆ ಡ್ಯಾನ್ಸ್. ಬಲ ಎಂದರೆ ಅಮ್ಮ ಕ್ಲಾಸು ಬಿಡಿಸುತ್ತಾಳೆ, ಎಡ ಎಂದರೆ ಮಿಸ್ಸಿಗೆ ತಪ್ಪಾಗುತ್ತದೆ; ಅದಕ್ಕೇ ಮನೆಯಲ್ಲಿ ಮನೆಯದು, ಕ್ಲಾಸಿನಲ್ಲಿ ಕ್ಲಾಸಿನದು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬಹುದು, ಕಷ್ಟವೇನಿಲ್ಲ.

"ನಿನ್ನ ಮುಖ ಕಂಡ್ರೆ ಮಾತ್ರ ಕಾಲು ತಾನಾಗೇ ಮನೆ ಡ್ಯಾನ್ಸಿಗೆ ಹೋಗ್ಬಿಡತ್ತೆ. ಅದಕ್ಕೇ ಹಿಂದೆ ಕೂತ್ಕೋ ಅಂದೆ."

"ಆದ್ರೆ ಎಲ್ಲರೂ ಎಡಗೈ ಎತ್ತಿದ್ದನ್ನ ನಾನು ನೋಡಿದೀನಲ್ಲೇ, ಕಿಟಕಿಯಿಂದ!"

ಬುಗುರಿ ಎದ್ದು ಅಮ್ಮನ ಎದುರು ನಿಂತು, ಕ್ಲಾಸ್ ಡ್ಯಾನ್ಸಿನ ಮೊದಲ ಹೆಜ್ಜೆ ಹಾಕಿ, ಕೈ ಎತ್ತಿದಳು.

"ಇದೇ!" ಬುಗುರಿಯ ಅಮ್ಮ ಸೋಫಾದಿಂದ ಹಾರಿದಳು. "ಇದೇ ನಾನು ನೋಡಿದ್ದು. ಇದೇ ಕೈ!"

ಓಡಿಹೋಗಿ ಆ ಕೈಯನ್ನು ಹಿಡಿದುಕೊಂಡಳು. ಹಿಡಿದುಕೊಂಡು ನೋಡಿದಳು. ತೋರುಬೆರಳಿನ ಮೇಲೆ ಇಂಕಿನ ಕಲೆಯಿತ್ತು. ಮಗಳು ಬರೆಯುವ ಕೈ. ಉಣ್ಣುವ ಕೈ. ಬಲಗೈ.

ತನ್ನ ಎದುರು ನಿಂತವರ ಬಲಗೈ ತನ್ನ ಎಡಗೈಯ ಪಕ್ಕಕ್ಕೆ ಬರುತ್ತದೆಂಬ ವಿಷಯವನ್ನು, ಪಟ್ಟಣದ ಒಳ್ಳೆಯ ಶಾಲೆಯಲ್ಲಿ ಓದಿದ, ಊರಿನ ಸುಳ್ಳನ್ನೆಲ್ಲ ಕಣ್ಣಿನಲ್ಲೇ ತೂಗುವ ಆ ಹೆಂಗಸು ಮಗಳ ಬೆರಳು ಹಿಡಿದುಕೊಂಡು ನಿಂತೇ ಕಂಡುಕೊಂಡಳು. ಇಡೀ ನೃತ್ಯವನ್ನು ಕನ್ನಡಿಯೊಳಗಿನಿಂದ ಎಂಬಂತೆ ತಿರುವುಮುರುವಾಗಿ ಕದ್ದು ತಂದಿದ್ದಳು. ಮಿಸ್ಸು ಮೋಸ ಮಾಡಿರಲಿಲ್ಲ. ಫ್ಲಾಸ್ಕು ಮೋಸ ಮಾಡಿರಲಿಲ್ಲ. ಇಷ್ಟೂ ಪ್ರಕರಣದಲ್ಲಿ ಸುಳ್ಳು ಕ್ಲೇಮು ಒಂದೇ ಒಂದು, ಅವಳದ್ದು.

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಈಗ ಸ್ಪಷ್ಟವಾಗಿ ಕಾಣ್ತಿದೆಯಾ?" ಎಂದಷ್ಟೇ ಕೇಳಿದ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಎಲ್ಲಿ ನಿಂತು ನೋಡಿದೆ ಅಂತ ಕೇಳಿದ್ನಲ್ಲ."

ಬುಗುರಿಯ ಅಮ್ಮ ಫೋನು ಕೈಗೆತ್ತಿಕೊಂಡಳು. ಮಿಸ್ಸಿನ ನಂಬರು ತೆಗೆದಳು, ಫೋನು ಕೆಳಗಿಟ್ಟಳು, ನೀರು ಕುಡಿದಳು, ಮತ್ತೆ ಎತ್ತಿಕೊಂಡಳು. ಸೋಫಾದ ಮೇಲೆ ಬುಗುರಿ ಉಸಿರು ಬಿಗಿಹಿಡಿದು ಕುಳಿತಿದ್ದಳು. ಅಮ್ಮ ಆ ನೋಟ ತಾಳಲಾರದೆ ಒಳಕೋಣೆಗೆ ಹೋಗಿ, ಬೀರುವಿನ ಕನ್ನಡಿಯೆದುರು ನಿಂತು, ಕೊನೆಗೂ ಗುಂಡಿ ಒತ್ತಿದಳು. ಗೌರವ ಕಳೆದುಕೊಳ್ಳದೆ ಕ್ಷಮೆ ಕೇಳುವ ಒಂದು ಸೊಗಸಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಮಿಸ್ಸಿನ ಹಲೋ ಕೇಳಿದ್ದೇ ತಡ, ಅದೆಲ್ಲ ಹಾರಿಹೋಯಿತು.

"ಮಿಸ್, ಎಡ ಅಂತ ಹೇಳ್ಕೊಟ್ಟಿದ್ದು ನಾನೇ. ಕಿಟಕೀಲಿ ಇಣುಕಿ ನೋಡಿದ್ದೂ ನಾನೇ. ಮಗೂದೇನೂ ತಪ್ಪಿಲ್ಲ. ಅವಳನ್ನ ವಾಪಸ್ ಸೇರಿಸ್ಕೋತೀರಾ?"

"ಕಿಟಕೀಲಿ ನೀವಿದ್ದಿದ್ದು ಗೊತ್ತಿತ್ತು ಮೇಡಂ," ಎಂದರು ಮಿಸ್. "ಒಂದು ಕೈ ಮಾತ್ರ ಮೇಲೆ ಬರ್ತಿತ್ತು. ಮಕ್ಕಳು ಅದಕ್ಕೆ ಟಾಟಾ ಮಾಡ್ತಿದ್ರು."

ಬುಗುರಿಯ ಅಮ್ಮನ ಕಿವಿ ಬಿಸಿಯಾಯಿತು. ಮಿಸ್ ನಿಧಾನವಾಗಿ ಉಳಿದದ್ದನ್ನು ಹೇಳಿದರು. ಬುಗುರಿಯ ಜಾಗ ಹಾಗೇ ಇದೆ. ತುದಿಗೆ ನಿಲ್ಲಿಸಿದ್ದು ಆಗಾಗ ಮನೆ ಡ್ಯಾನ್ಸಿಗೆ ಹೊರಟುಬಿಡುತ್ತಾಳೆಂದು. ಅಲ್ಲಿದ್ದರೆ ಹಾರಿದರೂ ಪರದೆಗೆ ಸಿಗುತ್ತಾಳೆ, ಯಾರ ಹಲ್ಲೂ ಮುರಿಯುವುದಿಲ್ಲ. ಇನ್ನು ಫಲಿತಾಂಶ. ಮೊದಲ ಬಹುಮಾನ ಕಪ್ಪೆಗಳಿಗೆ ಹೋಯಿತು. ಹಕ್ಕಿಗಳಿಗೆ ಬಂದದ್ದು ಸಭಿಕರ ಮೆಚ್ಚುಗೆಯ ಬಹುಮಾನ. ಮುಂದಿನ ವಾರದ ಸಮಾರೋಪದಲ್ಲಿ ಇನ್ನೊಮ್ಮೆ ಆಡಲು ಕರೆದಿದ್ದಾರೆ, ಆದರೆ ಒಂದು ಷರತ್ತು: ಅಮ್ಮ ಹಕ್ಕಿಯ ಭಾಗ ಇರಲೇಬೇಕಂತೆ.

"ಅಮ್ಮ ಹಕ್ಕಿನಾ? ಅದ್ಯಾವುದು?"

"ಸೊಂಟದ ಮೇಲೆ ಕೈ ಇಟ್ಕೊಂಡು, ಕಣ್ಣು ಕಿರಿದು ಮಾಡ್ತಾರಲ್ಲ, ಅದು. ಬುಗುರೀನೇ ಎಲ್ಲರಿಗೂ ಹೇಳ್ಕೊಟ್ಟಿದ್ದು. ಮೊದಲಿಂದಾನೂ ದಿನಾ ಬಿಡುವಿನಲ್ಲಿ ಅಮ್ಮ ಹಕ್ಕಿ ಮಾಡ್ಸು ಅಂತ, ಆಮೇಲಾಮೇಲೆ ಮನೆ ಡ್ಯಾನ್ಸೂ ಮಾಡ್ಸು ಅಂತ ಮಕ್ಕಳು ಅವಳ ಬೆನ್ನು ಬೀಳ್ತಿದ್ರು. ನಕ್ಕು ನಕ್ಕು ಒಬ್ಬಳಿಗಂತೂ ಬಿಕ್ಕಳಿಕೆ ನಿಲ್ತಾನೇ ಇರ್ಲಿಲ್ಲ."

ಬುಗುರಿಯ ಅಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ದಿನವೂ ಬಾಗಿಲಲ್ಲಿ ತನ್ನ ಮುಖ ಕಂಡ ಕೂಡಲೇ ಕಿಸಕ್ಕೆನ್ನುತ್ತಿದ್ದ ಆ ನಗುವಿನ ಕ್ಲೇಮು ಆ ಕ್ಷಣಕ್ಕೆ ಪೂರ್ತಿ ಇತ್ಯರ್ಥವಾಗಿತ್ತು.

"ಈಗ ಅದನ್ನ ನೀಟಾಗಿ ಕೂರಿಸ್ಬೇಕು ಮೇಡಂ," ಮಿಸ್ ಮುಂದುವರಿಸಿದರು. "ಅರ್ಧ ಮಕ್ಕಳು ಒಂದು ಕೈ ಅಂತಾರೆ, ಇನ್ನರ್ಧ ಇನ್ನೊಂದು. ನಿಮ್ಮನ್ನೇ ಕೇಳೋಣ ಅಂತಿದ್ದೆ. ನೀವು ಸೊಂಟದ ಮೇಲೆ ಇಡೋದು ಯಾವ ಕೈ?"

ಬುಗುರಿಯ ಅಮ್ಮ ಕನ್ನಡಿಯನ್ನು ನೋಡಿದಳು. ಅಲ್ಲಿ ಒಬ್ಬ ಹೆಂಗಸು ಒಂದು ಕೈಯಲ್ಲಿ ಫೋನು ಹಿಡಿದು, ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ನಿಂತಿದ್ದಳು. ಇನ್ನೊಂದು ಕೈ ಯಾವಾಗಲೋ ತಾನಾಗಿಯೇ ಸೊಂಟಕ್ಕೆ ಹೋಗಿ ಕುಳಿತಿತ್ತು. ಅವಳು ಕನ್ನಡಿಯ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು, ಮತ್ತೆ ಕನ್ನಡಿಯದನ್ನು ನೋಡಿದಳು. ತಿಂಗಳ ಹಿಂದಾಗಿದ್ದರೆ ಕಣ್ಣು ಮುಚ್ಚಿ ಉತ್ತರ ಹೇಳಿಬಿಡುತ್ತಿದ್ದಳು.

"ಒಂದು ನಿಮಿಷ ಇರಿ ಮಿಸ್," ಎಂದು ಫೋನನ್ನು ಎದೆಗೆ ಒತ್ತಿಕೊಂಡು, ಬಾಗಿಲ ಕಡೆ ತಿರುಗಿ ಕೂಗಿದಳು: "ಬುಗುರೀ, ಬಾ ಇಲ್ಲಿ. ಇದು ನಂದು ಯಾವ ಕೈ ಅಂತ ನೋಡಿ ಹೇಳು."